ನಡುವಿನ ಸಾವಿರ ವರ್ಷ

ಡಮಾಸ್ಕಸ್‌ನಲ್ಲಿ ಒಬ್ಬರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಹೆಸರು ನಾಸಿರುದ್ದೀನ್ ಅಲ್ಬಾನಿ. ಹುಟ್ಟಿದ್ದು 1914ರಲ್ಲಿ, ಅಲ್ಬೇನಿಯಾದ ಶ್ಕೋದರ್ ಪಟ್ಟಣದಲ್ಲಿ. ನಮ್ಮ ದೇಶ ಯುರೋಪಿನ ದಾರಿ ಹಿಡೀತಾ ಇದೆ ಅನ್ನಿಸಿ ಅಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ಸಿರಿಯಾಕ್ಕೆ ಬಂದುಬಿಟ್ಟಿದ್ದರು. ಗಡಿಯಾರದ ಕೆಲಸ ಕಲಿಸಿದ್ದೂ ಅಪ್ಪನೇ. ಮಗ ಅಂಗಡಿಯಲ್ಲಿ ಕೆಲವು ಗಂಟೆ ಕೂತು ಹೊಟ್ಟೆಪಾಡು ನೋಡಿಕೊಳ್ಳುತ್ತಿದ್ದರು. ಮಿಕ್ಕ ಹೊತ್ತೆಲ್ಲ ಜಾಹಿರಿಯ್ಯಾ ಲೈಬ್ರರಿಯಲ್ಲಿ ಕಳೆಯುತ್ತಿದ್ದರು. ಓದುತ್ತಿದ್ದದ್ದು ಹದೀಸ್. ಅಂದರೆ ಪ್ರವಾದಿ ಮುಹಮ್ಮದರ ಮಾತು ಮತ್ತು ನಡೆಯ ವರದಿಗಳು.

ಒಮ್ಮೆ ಅವರ ಕಣ್ಣಿಗೆ ತೊಂದರೆಯಾಯಿತು. ಆರು ತಿಂಗಳು ಓದಬೇಡಿ, ಬರೆಯಬೇಡಿ, ಗಡಿಯಾರವನ್ನೂ ಮುಟ್ಟಬೇಡಿ ಅಂದರು ಡಾಕ್ಟರು. ಎರಡು ವಾರ ಹೇಗೋ ಸುಮ್ಮನಿದ್ದರು. ಆಮೇಲೆ ಬೇಸರ ತಡೆಯಲಾಗಲಿಲ್ಲ. ಲೈಬ್ರರಿಯಲ್ಲಿದ್ದ ಒಂದು ಹಳೆಯ ಹಸ್ತಪ್ರತಿಯನ್ನು ನಕಲು ಮಾಡಿಸೋಣ, ಕಣ್ಣು ವಾಸಿಯಾಗುವಷ್ಟರಲ್ಲಿ ಪ್ರತಿ ಕೈಗೆ ಬರುತ್ತದೆ ಅಂದುಕೊಂಡರು. ನಕಲು ಮಾಡುವವನು ಅರ್ಧಕ್ಕೆ ಬಂದು ಹೇಳಿದ: ನಡುವೆ ಒಂದು ಹಾಳೆ ಇಲ್ಲ.

ಅವರು ಆ ಹಾಳೆ ಹುಡುಕಲು ಹೊರಟರು. ಬೈಂಡ್ ಮಾಡುವವರ ಕೈತಪ್ಪಿನಿಂದ ಬೇರೆ ಯಾವುದೋ ಸಂಪುಟದೊಳಗೆ ಸೇರಿಹೋಗಿರಬಹುದು ಅಂತ ಒಂದೊಂದನ್ನೇ ಬಿಚ್ಚಿ ನೋಡಿದರು. ಒಂದು ಕಪಾಟು ಮುಗಿಯಿತು, ಮತ್ತೊಂದು ಮುಗಿಯಿತು. ಸಾವಿರಾರು ಹಸ್ತಪ್ರತಿಗಳನ್ನು ತಿರುವಿ ಹಾಕಿದರು. ಕಣ್ಣಿನ ಮಾತು ಮರೆತೇ ಹೋಯಿತು. ಹಾಳೆ ಸಿಗಲಿಲ್ಲ. ಆದರೆ ಹುಡುಕುತ್ತಾ ಹುಡುಕುತ್ತಾ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದರು. ಆ ಲೈಬ್ರರಿಯ ಹದೀಸ್ ಹಸ್ತಪ್ರತಿಗಳ ಸೂಚಿಯೊಂದು ಹಾಗೆ ಹುಟ್ಟಿತು. ಯಾವ ದೊಡ್ಡ ಮದರಸಾದ ಪದವಿಯೂ ಇಲ್ಲದ ಆ ಮನುಷ್ಯ 20ನೇ ಶತಮಾನದ ಅತಿ ಹೆಸರುವಾಸಿ ಹದೀಸ್ ವಿದ್ವಾಂಸರಲ್ಲಿ ಒಬ್ಬರಾದರು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಾದರೂ ಒಬ್ಬ ಸಲಫಿ ಯುವಕ, ಅಂದರೆ ಇಸ್ಲಾಮಿನ ಮೊದಲ ತಲೆಮಾರುಗಳ ದಾರಿಯೇ ಸರಿ ಅನ್ನುವವನು, 'ಈ ಹದೀಸ್ ದುರ್ಬಲ' ಅಂತ ಹೇಳಿದರೆ, ಆ ಮಾತಿನ ಹಿಂದೆ ಹೆಚ್ಚಿನ ಸಲ ಈ ಗಡಿಯಾರದವರೇ ಇರುತ್ತಾರೆ.

'ಸಲಫಿ' ಅನ್ನೋ ಪದವನ್ನು ನಾನು ಮೊದಲು ಕೇಳಿದ್ದು ಬಾಂಬ್ ಸುದ್ದಿಯ ಜೊತೆಗೇ. ತುಂಬಾ ಜನ ಹಾಗೇ ಕೇಳಿರುತ್ತಾರೆ. ನಾನು ಮುಸ್ಲಿಮ್ ಅಲ್ಲ, ಹೊರಗೆ ನಿಂತು ಓದುವ ಮನುಷ್ಯ. ಆದರೆ ವರ್ಷಗಟ್ಟಲೆ ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿರುವ ಚಿತ್ರ ಬಾಂಬಿನದ್ದಲ್ಲ. ಹಾಳೆ ಹುಡುಕುತ್ತಿರುವ ಮನುಷ್ಯನದ್ದು. ಈ ಚಳವಳಿಯ ಚೆಲುವೂ ಅದರ ಅಪಾಯವೂ ಆ ಹುಡುಕಾಟದಲ್ಲೇ ಇವೆ ಅನ್ನಿಸುತ್ತದೆ.

ಸಲಫ್ ಅಂದರೆ ಹಿಂದಿನವರು. ಪ್ರವಾದಿಯ ಕಾಲದವರು, ಅವರ ನಂತರದವರು, ಅವರಿಗೂ ನಂತರದವರು, ಹೀಗೆ ಮೊದಲ ಮೂರು ತಲೆಮಾರು. ಜನರಲ್ಲಿ ಇವರೇ ಉತ್ತಮರು ಅಂತ ಒಂದು ಹದೀಸ್ ಹೇಳುತ್ತದೆ. ಸಲಫಿಗಳ ವಾದ ಸರಳ. ಧರ್ಮ ಅಂದರೆ ಆ ಮೂರು ತಲೆಮಾರು ಬದುಕಿ ತೋರಿಸಿದ್ದು. ಆಮೇಲೆ ಸೇರಿಕೊಂಡಿದ್ದೆಲ್ಲ ಬಿದ್‌ಅತ್, ಅಂದರೆ ಹೊಸದಾಗಿ ಹುಟ್ಟಿಸಿದ್ದು. ಗೋರಿಗೆ ಹರಕೆ ಹೊರುವುದು, ಸಂತರನ್ನು ನಡುವೆ ಇಟ್ಟುಕೊಂಡು ದೇವರನ್ನು ಬೇಡುವುದು, ಒಂದು ಮದ್‌ಹಬ್ ಅಂದರೆ ಒಂದು ಕಾನೂನು ಪಂಥ ಹೇಳಿತು ಅಂತ ಕಣ್ಣುಮುಚ್ಚಿ ಪಾಲಿಸುವುದು, ಎಲ್ಲವೂ ತೂಕಕ್ಕೆ ಬರಬೇಕು. ನೇರವಾಗಿ ಮೂಲಕ್ಕೆ ಹೋಗು, ನಡುವಿನವರನ್ನು ಬಿಡು.

ಈ ಮಾತು ಒಬ್ಬ ಯುವಕನಿಗೆ ಎಷ್ಟು ಹಿತವಾಗಿ ಕೇಳಿಸುತ್ತದೆ ಅನ್ನೋದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಕಾಲಕ್ಕೆ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಗೆಳೆಯ. ಎಂಜಿನಿಯರಿಂಗ್ ಓದಿದವನು. ಗಲ್ಫ್‌ನಲ್ಲಿ ಮೂರು ವರ್ಷ ಕೆಲಸ ಮಾಡಿ ಬಂದಿದ್ದ. ಅವನ ಹತ್ತಿರ ಗೆರೆ ಹಾಕಿದ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಪ್ರತಿ ಪುಟದಲ್ಲೂ ಸ್ಕೇಲ್ ಇಟ್ಟು ಎಳೆದ ನಾಲ್ಕು ಕಾಲಂ. ಮೊದಲನೆಯದರಲ್ಲಿ ಹದೀಸ್, ಎರಡನೆಯದರಲ್ಲಿ ಅದು ಯಾವ ಸಂಗ್ರಹದ್ದು, ಮೂರನೆಯದರಲ್ಲಿ ದರ್ಜೆ. ಗಟ್ಟಿಯಾದದ್ದಕ್ಕೆ ಸಹೀಹ್, ಒಪ್ಪಬಹುದಾದದ್ದಕ್ಕೆ ಹಸನ್, ದುರ್ಬಲವಾದದ್ದಕ್ಕೆ ದಯೀಫ್. ನಾಲ್ಕನೆಯದರಲ್ಲಿ ಆ ದರ್ಜೆ ಕೊಟ್ಟವರ ಹೆಸರು. ಬಹುಪಾಲು ಸಾಲುಗಳಲ್ಲಿ ಅಲ್ಬಾನಿಯ ಹೆಸರೇ ಇರುತ್ತಿತ್ತು. ರಾತ್ರಿ ಕೂತು ಇದನ್ನು ತುಂಬುವಾಗ ಅವನ ಮುಖದಲ್ಲಿ ಒಂದು ನೆಮ್ಮದಿ. ಲೆಕ್ಕ ಸರಿಬಂದಾಗ ಆಗುವ ನೆಮ್ಮದಿ ಅದು.

ಯಾರು ಏನು ಹೇಳಿದರೂ ಅವನದು ಒಂದೇ ಪ್ರಶ್ನೆ: ದಲೀಲ್ ಏನು? ಅಂದರೆ ಪುರಾವೆ ಏನು? ಮೌಲ್ವಿಗೂ ಅದೇ, ಚಿಕ್ಕಪ್ಪನಿಗೂ ಅದೇ. ಅವನ ಅಪ್ಪ ಪ್ರತಿ ವರ್ಷ ಒಂದು ದರ್ಗಾಕ್ಕೆ ಹೋಗುತ್ತಿದ್ದರು. ಮಗ ಬರಲ್ಲ ಅಂದ. 'ನಮ್ಮಪ್ಪನೂ ಹೋಗ್ತಿದ್ದ, ಅವನಪ್ಪನೂ ಹೋಗ್ತಿದ್ದ' ಅಂದರು ಅಪ್ಪ. ಮಗ ಕುರ್‌ಆನ್ ತೆರೆದು ತೋರಿಸಿದ. ನಮ್ಮ ಹಿರಿಯರು ಮಾಡುತ್ತಿದ್ದದ್ದನ್ನೇ ನಾವೂ ಮಾಡುತ್ತೇವೆ ಅನ್ನುವವರನ್ನು ಕುರ್‌ಆನೇ ಟೀಕಿಸುತ್ತದಲ್ಲ, ಆ ಸಾಲು. ಅಪ್ಪ ಮರುಮಾತಾಡಲಿಲ್ಲ. ಆಮೇಲೆ ತುಂಬಾ ದಿನ ಇಬ್ಬರ ನಡುವೆ ಮಾತಿರಲಿಲ್ಲ. ನನಗೆ ಆ ಮಗನ ಮೇಲೂ ಪ್ರೀತಿ, ಆ ಅಪ್ಪನ ಮೇಲೂ. ಇವತ್ತಿಗೂ ಒಬ್ಬರ ಕಡೆಗೆ ವಾಲಲು ಆಗಿಲ್ಲ.

ಅಲ್ಬಾನಿಯ ಮನೆಯಲ್ಲಿ ನಡೆದದ್ದೂ ಇದೇ. ಅಪ್ಪ ಹನಫಿ ಪಂಥದ ವಿದ್ವಾಂಸ. ಮಗ ಪಂಥ ಬಿಟ್ಟು ಹದೀಸ್ ಹಿಡಿದ. ಇಬ್ಬರ ದಾರಿ ಬೇರೆಯಾಯಿತು.

ಈ ಪ್ರಶ್ನೆಯಲ್ಲಿ ಒಂದು ಸಮಾನತೆ ಇದೆ, ಅದನ್ನು ಒಪ್ಪಲೇಬೇಕು. ಪುರಾವೆ ಕೇಳುವುದಕ್ಕೆ ಮನೆತನ ಬೇಕಿಲ್ಲ, ವಯಸ್ಸು ಬೇಕಿಲ್ಲ. ಒಬ್ಬ ಗಡಿಯಾರ ರಿಪೇರಿಯವರು ಮುಸ್ಲಿಮ್ ಸಂಗ್ರಹದ ಕೆಲವು ಹದೀಸ್‌ಗಳನ್ನೂ ಪ್ರಶ್ನಿಸಬಹುದು. ಮುಸ್ಲಿಮ್ ಅಂದರೆ, ಅತಿ ಗಟ್ಟಿ ಅಂತ ಎಣಿಸುವ ಬುಖಾರಿ ಸಂಗ್ರಹದ ಪಕ್ಕದಲ್ಲಿ ಇಡುವ ಹದೀಸ್ ಸಂಗ್ರಹ, ಸುಮ್ನೆ ಮಾತಲ್ಲ. ಹೆಣ್ಣುಮಕ್ಕಳೂ ಇದನ್ನು ಬಳಸಿಕೊಂಡಿದ್ದಾರೆ. ಹುಡುಗಿಯ ಒಪ್ಪಿಗೆ ಇಲ್ಲದೆ ಮದುವೆ ಮಾಡಬಾರದು ಅನ್ನುವ ಹದೀಸ್ ಇದೆ. ಯುರೋಪಿಗೆ ವಲಸೆ ಹೋದ ಮನೆಗಳಲ್ಲಿ, ನೆಂಟರಲ್ಲೇ ಗಂಡು ಗೊತ್ತುಮಾಡುವ ಅಪ್ಪನ ಎದುರು ಮಗಳು ಇಟ್ಟ ಅಸ್ತ್ರ ಎಷ್ಟೋ ಸಲ ಇದೇ. ಅದು ನಿಮ್ಮ ಊರಿನ ಪದ್ಧತಿ, ಇದು ಧರ್ಮ ಅಂತ. ಅದೇ ಹುಡುಗಿ ಮರುದಿನದಿಂದ ಮುಖ ಮುಚ್ಚಿಕೊಂಡು ಓಡಾಡಬಹುದು. ಹೊರಗಿನ ನಮಗೆ ಈ ಎರಡನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳುವುದು ಕಷ್ಟ. ಅವಳಿಗೆ ಎರಡೂ ಒಂದೇ ಪ್ರಶ್ನೆಯ ಉತ್ತರ.

ಕೇರಳದ ಕಥೆಯನ್ನೂ ಇಲ್ಲೇ ಹೇಳಬೇಕು. ವಕ್ಕಂ ಮೌಲವಿ 1905ರಲ್ಲಿ ಸ್ವದೇಶಾಭಿಮಾನಿ ಪತ್ರಿಕೆ ಶುರು ಮಾಡಿದವರು. 1910ರಲ್ಲಿ ತಿರುವಾಂಕೂರು ಸರ್ಕಾರ ಅವರ ಪ್ರೆಸ್ಸನ್ನೇ ಮುಟ್ಟುಗೋಲು ಹಾಕಿಕೊಂಡಿತು. ಅವರು ಕೈರೋದಿಂದ ಬರುತ್ತಿದ್ದ ಅಲ್ ಮನಾರ್ ಪತ್ರಿಕೆಯನ್ನು ಓದಿ ವಿಚಾರ ಬೆಳೆಸಿಕೊಂಡವರು. ಅವರಂಥವರಿಂದ ಹಬ್ಬಿದ ಸುಧಾರಣೆಯ ಗಾಳಿಯಿಂದ ಮುಂದೆ 1950ರಲ್ಲಿ ಕೇರಳ ನದ್ವತುಲ್ ಮುಜಾಹಿದೀನ್ ಹುಟ್ಟಿತು. ಇವರೂ ಗೋರಿ ಪೂಜೆಯನ್ನು ವಿರೋಧಿಸಿದವರೇ, ಇವರೂ ಸಲಫಿ ಧಾರೆಯವರೇ. ಆದರೆ ಇವರು ಜಾಸ್ತಿ ಮಾತಾಡಿದ್ದು ಶಾಲೆಯ ಬಗ್ಗೆ, ಹೆಣ್ಣುಮಕ್ಕಳ ಓದಿನ ಬಗ್ಗೆ, ಹೆಂಗಸರು ಮಸೀದಿಗೆ ಬರುವ ಬಗ್ಗೆ, ಪ್ರವಚನ ಜನರ ಮಾತಿನಲ್ಲಿ ಇರಬೇಕು ಅನ್ನುವ ಬಗ್ಗೆ.

ಆ ಅಲ್ ಮನಾರ್ ಪತ್ರಿಕೆಯನ್ನು 1898ರಲ್ಲಿ ಶುರು ಮಾಡಿದವರು ರಶೀದ್ ರಿದಾ. ಅವರ ಗುರು ಮುಹಮ್ಮದ್ ಅಬ್ದುಹ್, ಈಜಿಪ್ಟಿನ ಮುಫ್ತಿ, ಅಂದರೆ ಧರ್ಮದ ಕಾನೂನಿನ ಬಗ್ಗೆ ತೀರ್ಪು ಹೇಳುವ ಹಿರಿಯ, ಆಗಿದ್ದವರು. ಬ್ರಿಟಿಷರು ಈಜಿಪ್ಟನ್ನು ಹಿಡಿದು ಕೂತಿದ್ದ ಕಾಲ ಅದು. ಅಬ್ದುಹ್ ಅವರನ್ನು ಕಾಡುತ್ತಿದ್ದದ್ದು ನಾವು ಯಾಕೆ ಸೋತೆವು ಅನ್ನುವ ಪ್ರಶ್ನೆ. ಹಳೆಯ ವ್ಯಾಖ್ಯಾನಗಳ ಮೇಲೆ ವ್ಯಾಖ್ಯಾನ ಕೂರಿಸಿ ಬುದ್ಧಿಗೆ ಬೀಗ ಹಾಕಿದ್ದೇವೆ, ಮೂಲಕ್ಕೆ ಹೋದರೆ ಧರ್ಮಕ್ಕೂ ವಿಜ್ಞಾನಕ್ಕೂ ಜಗಳವೇ ಇಲ್ಲ ಅನ್ನುವುದು ಅವರ ನಂಬಿಕೆ. 1924ರ ಮಾರ್ಚ್ 3ರಂದು ತುರ್ಕಿಯಲ್ಲಿ ಖಿಲಾಫತ್ತೇ, ಅಂದರೆ ಖಲೀಫರ ಪದವಿಯೇ ರದ್ದಾಯಿತು. ಅಷ್ಟು ಹೊತ್ತಿಗೆ ಅಬ್ದುಹ್ ತೀರಿಕೊಂಡು ಸುಮಾರು ಎರಡು ದಶಕ ಆಗಿತ್ತು. ಶಿಷ್ಯ ರಿದಾ ಅರೇಬಿಯಾದ ಮರುಭೂಮಿಯ ಕಡೆ ಆಸೆಯಿಂದ ನೋಡತೊಡಗಿದ್ದರು.

ಆ ಮರುಭೂಮಿಯಲ್ಲಿ 'ಮೂಲಕ್ಕೆ ಹೋಗು' ಅನ್ನುವ ಮಾತು ಬೇರೆಯದೇ ರೂಪ ತಾಳಿತ್ತು. ನಜ್ದ್ ಪ್ರಾಂತ್ಯದ ಮುಹಮ್ಮದ್ ಇಬ್ನ್ ಅಬ್ದುಲ್ ವಹಾಬ್ ಹುಟ್ಟಿದ್ದು 1703ರಲ್ಲಿ. ದೆಹಲಿಯ ಶಾಹ್ ವಲಿಯುಲ್ಲಾಹ್ ಹುಟ್ಟಿದ್ದೂ ಅದೇ ವರ್ಷ. ಇಬ್ಬರೂ ಮದೀನಾದಲ್ಲಿ ಹದೀಸ್ ಕಲಿತವರು. ಇಬ್ಬರಿಗೂ ಸಮಾಜ ಹಳಿ ತಪ್ಪಿದೆ ಅನ್ನಿಸಿತ್ತು. ವಲಿಯುಲ್ಲಾಹ್ ಸೂಫಿ ದಾರಿಯನ್ನೂ ಹದೀಸನ್ನೂ ಹೊಲಿದು ಕೂಡಿಸಲು ನೋಡಿದರು. ಇನ್ನೊಬ್ಬರು ಗೋರಿಯೊಂದನ್ನು ಕೆಡವಿಸಿದರು. ಅದು ಪ್ರವಾದಿಯ ಒಡನಾಡಿ ಜೈದ್ ಇಬ್ನ್ ಅಲ್ ಖತ್ತಾಬ್‌ರ ಗೋರಿ. 1744ರಲ್ಲಿ ದಿರಿಯ್ಯಾದ ಪಾಳೆಯಗಾರ ಮುಹಮ್ಮದ್ ಇಬ್ನ್ ಸೌದ್ ಜೊತೆ ಒಪ್ಪಂದ ಆಯಿತು. ಧರ್ಮ ಇವರದು, ಖಡ್ಗ ಅವರದು. 19ನೇ ಶತಮಾನದ ಮೊದಲ ವರ್ಷಗಳಲ್ಲಿ ಆ ಸೇನೆ ಶಿಯಾಗಳ ಪವಿತ್ರ ಊರಾದ ಇರಾಕಿನ ಕರ್ಬಲಾಕ್ಕೆ ನುಗ್ಗಿ ಕೊಲೆ ಲೂಟಿ ಮಾಡಿತು. 1818ರಲ್ಲಿ ಈಜಿಪ್ಟಿನ ಸೇನೆ ಬಂದು ದಿರಿಯ್ಯಾವನ್ನೇ ನೆಲಸಮ ಮಾಡಿತು. ಅದೇ ಮನೆತನ 20ನೇ ಶತಮಾನದಲ್ಲಿ ಮತ್ತೆ ಎದ್ದಿತು. ಮಕ್ಕಾ ಮದೀನಾ ಗೆದ್ದು, ಮದೀನಾದ ಬಕೀ ಸ್ಮಶಾನದಲ್ಲಿ ಪ್ರವಾದಿಯ ಮನೆಯವರ ಗೋರಿಗಳ ಮೇಲಿದ್ದ ಗುಮ್ಮಟಗಳನ್ನು 1920ರ ದಶಕದಲ್ಲಿ ಕೆಡವಿತು. 1932ರಲ್ಲಿ ಸೌದಿ ಅರೇಬಿಯಾ ಅಂತ ಹೆಸರಿಟ್ಟುಕೊಂಡಿತು. ಆಮೇಲೆ ಎಣ್ಣೆ ಸಿಕ್ಕಿತು. 1961ರಲ್ಲಿ ಮದೀನಾದಲ್ಲಿ ಇಸ್ಲಾಮಿಕ್ ವಿಶ್ವವಿದ್ಯಾಲಯ ಶುರುವಾಯಿತು. ಬಹುಪಾಲು ಸೀಟು ಹೊರದೇಶದವರಿಗೆ, ಓದೂ ಊಟವೂ ಉಚಿತ. 1973ರಲ್ಲಿ ಎಣ್ಣೆ ಬೆಲೆ ಗಗನಕ್ಕೇರಿದ ಮೇಲೆ ಆ ಹಣ ಪುಸ್ತಕವಾಗಿ, ಮಸೀದಿಯಾಗಿ, ವಿದ್ಯಾರ್ಥಿವೇತನವಾಗಿ ಜಗತ್ತಿಗೆಲ್ಲ ಹರಿಯಿತು. ಹಣದಿಂದಲೇ ಎಲ್ಲ ಆಯಿತು ಅಂತ ಹೇಳುವವರಿದ್ದಾರೆ. ನನ್ನ ಗೆಳೆಯನ ನೋಟ್‌ಬುಕ್ ನೋಡಿದ ನಾನು ಅದನ್ನು ಪೂರ್ತಿ ಒಪ್ಪಲಾರೆ. ಹಣ ಪುಸ್ತಕವನ್ನು ಬಾಗಿಲವರೆಗೆ ತಂದುಕೊಟ್ಟಿತು. ಅವನು ರಾತ್ರಿ ಎರಡು ಗಂಟೆಯವರೆಗೆ ಕೂತು ಓದಿದ್ದು ಹಣಕ್ಕಲ್ಲ.

ಇನ್ನೊಬ್ಬ ಗಡಿಯಾರದವರ ವಿಷಯ ಹೇಳಬೇಕು. ಮುಸ್ಲಿಮ್ ಬ್ರದರ್‌ಹುಡ್ ಕಟ್ಟಿದ ಹಸನ್ ಅಲ್ ಬನ್ನಾ ಅವರ ತಂದೆ ಕೂಡ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಹದೀಸ್ ವಿದ್ವಾಂಸರೂ ಹೌದು. ಜನ ಅವರನ್ನು 'ಅಸ್ಸಾಆತಿ' ಅಂದರೆ ಗಡಿಯಾರದವರು ಅಂತಲೇ ಕರೆಯುತ್ತಿದ್ದರು. ಮಗ 1928ರಲ್ಲಿ ಇಸ್ಮಾಯಿಲಿಯಾದಲ್ಲಿ, ಸೂಯೆಜ್ ಕಾಲುವೆಯ ವಿದೇಶಿ ಕಂಪನಿಯ ನೆರಳಲ್ಲಿ, ಆರು ಜನ ದುಡಿಯುವವರನ್ನು ಸೇರಿಸಿಕೊಂಡು ಸಂಘಟನೆ ಶುರು ಮಾಡಿದರು. ಅವರ ಪ್ರಶ್ನೆ ಹದೀಸಿನ ದರ್ಜೆಯದ್ದಲ್ಲ. ರಾಜ್ಯ ಯಾರದು, ಸಮಾಜ ಹೇಗಿರಬೇಕು ಅನ್ನೋದು. ಅಲ್ಬಾನಿಗೆ ಈ ದಾರಿ ಸರಿಬರಲಿಲ್ಲ. ಈಗಿನ ಕಾಲಕ್ಕೆ ರಾಜಕೀಯ ಬಿಡುವುದೇ ರಾಜಕೀಯ ಅನ್ನುತ್ತಿದ್ದರು. ಮೊದಲು ಧರ್ಮಕ್ಕೆ ಅಂಟಿದ ಕೊಳೆ ತೆಗೆಯಿರಿ, ಆಮೇಲೆ ಆ ಶುದ್ಧ ಧರ್ಮದಲ್ಲಿ ಜನರನ್ನು ಬೆಳೆಸಿರಿ, ಮಿಕ್ಕಿದ್ದು ತಾನಾಗಿ ಆಗುತ್ತದೆ ಅಂತ. ಸುದ್ದಿಯಲ್ಲಿ ಇಬ್ಬರ ಕಡೆಯವರನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ವಾಸ್ತವದಲ್ಲಿ ಇವರಿಬ್ಬರ ಹಿಂಬಾಲಕರು ಎಷ್ಟು ಕಿತ್ತಾಡಿದ್ದಾರೆ ಅಂದರೆ, ಹೊರಗಿನ ಶತ್ರುವಿನ ಜೊತೆಗೂ ಅಷ್ಟು ಕಿತ್ತಾಡಿರಲಿಕ್ಕಿಲ್ಲ.

ಆದರೆ ರಾಜಕೀಯ ಬಿಡುತ್ತೇನೆ ಅಂದರೆ ರಾಜಕೀಯ ಬಿಡಬೇಕಲ್ವಾ? ಅಲ್ಬಾನಿ 1960ರ ದಶಕದ ಮೊದಲಲ್ಲಿ ಮದೀನಾದಲ್ಲಿ ಪಾಠ ಮಾಡಿದರು. ಅವರ ವಿಚಾರದ ಪ್ರಭಾವದಲ್ಲಿ ಅಲ್ಲೊಂದು ಸಣ್ಣ ಗುಂಪು ಬೆಳೆಯಿತು. ಬಡ ಹುಡುಗರು, ಬೆಡೋಯಿನ್ ಕುಟುಂಬಗಳವರು, ಹೊರದೇಶದ ವಿದ್ಯಾರ್ಥಿಗಳು. ಅದರಿಂದ ಎದ್ದು ಬಂದವನು ಜುಹೈಮಾನ್ ಅಲ್ ಉತೈಬಿ. 1979ರ ನವೆಂಬರ್ 20, ಇಸ್ಲಾಮಿಕ್ ಪಂಚಾಂಗದ ಪ್ರಕಾರ ಹಿಜ್ರಿ 1400ರ ಮೊದಲ ದಿನ. ಮಕ್ಕಾದ ದೊಡ್ಡ ಮಸೀದಿಯಲ್ಲಿ ಬೆಳಗಿನ ನಮಾಜ್ ಮುಗಿಯುತ್ತಿದ್ದ ಹಾಗೆ ಅವನ ಜನ ಬಾಗಿಲು ಹಾಕಿ ಬಂದೂಕು ತೆಗೆದರು. ತಮ್ಮ ನಡುವಿನ ಒಬ್ಬನನ್ನೇ ಮಹ್ದಿ, ಅಂದರೆ ಲೋಕದ ಕೊನೆಗಾಲದಲ್ಲಿ ಬರುತ್ತಾನೆ ಅನ್ನುವ ಉದ್ಧಾರಕ, ಅಂತ ಸಾರಿದರು. ಒಂದು ಗಿಡದ ಕೊಂಬೆಯನ್ನೂ ಮುರಿಯಬಾರದು ಅನ್ನುವ ನೆಲ ಅದು. ಎರಡು ವಾರ ಅಲ್ಲಿ ಗುಂಡು ಹಾರಿತು. ಮುಂದಿನ ಜನವರಿಯಲ್ಲಿ 63 ಜನರ ತಲೆ ತೆಗೆದರು. ಅದಾದ ಮೇಲೆ ದೊರೆಗಳು ಮಾಡಿದ್ದೇನು? ಮತ್ತಷ್ಟು ಬಿಗಿ. ಸಿನಿಮಾ ಬಂದ್, ಟಿವಿಯಲ್ಲಿ ಹೆಂಗಸರ ಮುಖ ಕಡಿಮೆ, ಧಾರ್ಮಿಕ ಪೊಲೀಸರಿಗೆ ಇನ್ನಷ್ಟು ಬಲ. ಬಂಡುಕೋರರನ್ನು ಕೊಂದು, ಅವರು ಕೇಳುತ್ತಿದ್ದರಲ್ಲ, ಅದರಲ್ಲಿ ಸುಮಾರನ್ನು ಕೊಟ್ಟೂಬಿಟ್ಟರು.

ಈಜಿಪ್ಟಿನ ಕಥೆ ಇನ್ನೂ ನೋವಿನದು. ಅಲೆಕ್ಸಾಂಡ್ರಿಯಾದಲ್ಲಿ 1970ರ ದಶಕದ ವೈದ್ಯಕೀಯ ವಿದ್ಯಾರ್ಥಿಗಳಿಂದ ಹುಟ್ಟಿದ ಸಲಫಿ ಸಂಘಟನೆ ಮೂರು ದಶಕಕ್ಕೂ ಹೆಚ್ಚು ಕಾಲ ಚುನಾವಣೆಯಿಂದ ದೂರ ಇತ್ತು. 2011ರ ಜನವರಿಯಲ್ಲಿ ಅಧ್ಯಕ್ಷ ಮುಬಾರಕ್ ವಿರುದ್ಧ ಜನ ಎದ್ದು ಕೈರೋದ ತಹ್ರೀರ್ ಚೌಕ ತುಂಬಿದಾಗಲೂ ಸಂಘಟನೆಯ ಹಿರಿಯರು ಹೋಗಬೇಡಿ ಅಂದರು. ಮುಬಾರಕ್ ಬಿದ್ದ ಕೆಲವೇ ತಿಂಗಳಲ್ಲಿ ಅವರೇ ನೂರ್ ಪಕ್ಷ ಕಟ್ಟಿದರು. ಅವರ ಮೈತ್ರಿಕೂಟ ಸಂಸತ್ತಿನ ಸುಮಾರು ಕಾಲು ಭಾಗ ಗೆದ್ದು ಬ್ರದರ್‌ಹುಡ್ ನಂತರದ ಎರಡನೆಯ ಸ್ಥಾನಕ್ಕೆ ಬಂತು. ಪ್ರತಿ ಪಟ್ಟಿಯಲ್ಲೂ ಒಬ್ಬ ಮಹಿಳೆ ಇರಬೇಕು ಅಂತ ಕಾನೂನು ಇತ್ತು. ನೂರ್ ಪಕ್ಷದವರು ಹೆಸರು ಹಾಕಿದರು. ಪೋಸ್ಟರಿನಲ್ಲಿ ಆಕೆಯ ಮುಖ ಇರಬೇಕಾದ ಕಡೆ ಒಂದು ಹೂವಿನ ಚಿತ್ರ ಹಾಕಿದರು. ಗಡ್ಡದ ಗಂಡಸರ ಸಾಲು, ನಡುವೆ ಒಂದು ಹೂವು. ಆ ಫೋಟೋವನ್ನು ನಾನು ಎಷ್ಟೋ ಹೊತ್ತು ನೋಡಿದ್ದೇನೆ. ಆ ಹೂವಿನ ಹಿಂದೆ ಒಬ್ಬ ನಿಜವಾದ ಹೆಂಗಸು ಇದ್ದಳು. ಅವಳು ಓದಿದವಳಿರಬಹುದು, ಅವಳಿಗೂ ಹೇಳಲು ಏನಾದರೂ ಇದ್ದಿರಬಹುದು. ಅವಳ ಮುಖ ಯಾರಿಗೂ ಗೊತ್ತಾಗಲಿಲ್ಲ.

2012ರ ಫೆಬ್ರವರಿಯಲ್ಲಿ ಆ ಸಂಸತ್ತಿನಲ್ಲೇ ಇನ್ನೊಂದು ಘಟನೆ ನಡೆಯಿತು. ಚರ್ಚೆಯ ನಡುವೆ ಮಮ್ದೂಹ್ ಇಸ್ಮಾಯಿಲ್ ಅನ್ನುವ ಸಲಫಿ ಸದಸ್ಯ ಎದ್ದುನಿಂತು ಕಿವಿಯ ಹತ್ತಿರ ಕೈ ಇಟ್ಟು ಅಜಾನ್ ಕೂಗಿದರು. ನಮಾಜಿನ ಹೊತ್ತಾಗಿತ್ತು. ಸ್ಪೀಕರ್ ಸಅದ್ ಅಲ್ ಕತಾತ್ನಿ ಬ್ರದರ್‌ಹುಡ್‌ನವರು. ಅವರೇ ತಡೆದರು. ಅಜಾನ್‌ಗೆ ಮಸೀದಿ ಇದೆ, ಈ ಸಭೆ ಇರೋದು ಚರ್ಚೆಗೆ, ನೀವು ನಮಗಿಂತ ಹೆಚ್ಚಿನ ಮುಸ್ಲಿಮ್ ಅಲ್ಲ ಅನ್ನುವ ಅರ್ಥದ ಮಾತಾಡಿದರು. 20ನೇ ಶತಮಾನದ ಇಸ್ಲಾಮಿಕ್ ರಾಜಕೀಯದ ಇಡೀ ಜಗಳ ಆ ಒಂದು ನಿಮಿಷದಲ್ಲಿ ಕಾಣಿಸುತ್ತದೆ. ರಾಜ್ಯಕ್ಕೆ ಧರ್ಮ ಬೇಕು ಅಂತ 80 ವರ್ಷ ಹೋರಾಡಿದವರು ಖುರ್ಚಿಯಲ್ಲಿ ಕೂತಾಗ, ಧರ್ಮಕ್ಕೆ ಒಂದು ಜಾಗ ಗೊತ್ತುಮಾಡಲೇಬೇಕಾಯಿತು.

ಮುಂದಿನ ವರ್ಷ ಜುಲೈ 3ರಂದು ಸೇನೆ ಬ್ರದರ್‌ಹುಡ್‌ನ ಅಧ್ಯಕ್ಷ ಮೊರ್ಸಿಯನ್ನು ಇಳಿಸಿತು. ಜನರಲ್ ಸಿಸಿ ಅದನ್ನು ಟಿವಿಯಲ್ಲಿ ಪ್ರಕಟಿಸುವಾಗ ಜೊತೆಗೆ ಕೂತಿದ್ದವರಲ್ಲಿ ನೂರ್ ಪಕ್ಷದ ಕಾರ್ಯದರ್ಶಿಯೂ ಒಬ್ಬರು. ಆಗಸ್ಟ್‌ನಲ್ಲಿ ಕೈರೋದ ರಾಬಾ ಚೌಕದಲ್ಲಿ ಕೂತಿದ್ದ ಮೊರ್ಸಿ ಬೆಂಬಲಿಗರನ್ನು ಚದುರಿಸುವಾಗ ನೂರಾರು ಜನ ಸತ್ತರು. ನೂರ್ ಪಕ್ಷದವರು ತಮ್ಮ ಸಂಘಟನೆ ಉಳಿಯಲಿ ಅಂತ ಸೇನೆಯ ಜೊತೆ ನಿಂತರು ಅನ್ನುವವರಿದ್ದಾರೆ. ಇರಬಹುದು. ಆದರೆ ಮೊದಲ ಮೂರು ತಲೆಮಾರಿನ ಹಾಗೆ ಬದುಕುತ್ತೇವೆ ಅಂದವರು ಕೊನೆಗೆ ಸೇನಾಧಿಕಾರಿಯ ಪಕ್ಕದ ಖುರ್ಚಿಯಲ್ಲಿ ಕೂತರಲ್ಲ, ಅದು ನನ್ನನ್ನು ತುಂಬಾ ಕಾಡುತ್ತದೆ.

ಬಂದೂಕು ಹಿಡಿದವರ ಬಗ್ಗೆ ಜಾಸ್ತಿ ಬರೆಯುವ ಮನಸ್ಸಿಲ್ಲ, ಅವರ ಬಗ್ಗೆ ಎಲ್ಲರೂ ಬರೆದಿದ್ದಾರೆ. 2014ರಲ್ಲಿ ಖಿಲಾಫತ್ ಸಾರಿದ ಐಸಿಸ್‌ನ್ನು ಕಡುವಾಗಿ ಖಂಡಿಸಿದವರಲ್ಲಿ ಸಲಫಿ ವಿದ್ವಾಂಸರೂ ಇದ್ದರು. ಅದು ಕೊಂದವರಲ್ಲಿ ಬಹುಪಾಲು ಮುಸ್ಲಿಮರೇ. ಒಂದೇ ತಕ್ಕಡಿಯಲ್ಲಿ ಎಲ್ಲರನ್ನೂ ತೂಗುವುದು ಅನ್ಯಾಯ. ಹಾಗಂತ ನಂಟೇ ಇಲ್ಲ ಅನ್ನೋದೂ ಸುಳ್ಳು. ಆಫ್ರಿಕಾದ ಮಾಲಿ ದೇಶದ ಟಿಂಬಕ್ಟುವಿನ ವಿಷಯ ಅದಕ್ಕೇ ಹೇಳಬೇಕಾಗಿದೆ. 2012ರ ಬೇಸಿಗೆಯಲ್ಲಿ ಅನ್ಸಾರ್ ದೀನ್ ಅನ್ನುವ ಬಂದೂಕುಧಾರಿ ಗುಂಪು ಆ ಊರಿನ ಸಂತರ ಗೋರಿಗಳನ್ನು ಗುದ್ದಲಿ ಹಾರೆ ಹಿಡಿದು ಒಡೆಯಿತು. ಸೀದಿ ಯಹ್ಯಾ ಮಸೀದಿಗೆ ಒಂದು ಮರದ ಬಾಗಿಲಿತ್ತು. ಅದು ತೆರೆದುಕೊಂಡರೆ ಲೋಕದ ಕೊನೆ ಬಂದ ಹಾಗೆ ಅಂತ ಊರವರ ನಂಬಿಕೆ. ಜುಲೈನಲ್ಲಿ ಅದನ್ನೂ ಮುರಿದರು. ಇದರ ಉಸ್ತುವಾರಿ ವಹಿಸಿದ್ದ ಅಹ್ಮದ್ ಅಲ್ ಫಕೀ ಅಲ್ ಮಹ್ದಿ ಅದೇ ಸೀಮೆಯವನು. ಶಿಕ್ಷಕನಾಗಿದ್ದವನು. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ, ಕ್ಷಮೆ ಕೇಳಿದ. 2016ರಲ್ಲಿ 9 ವರ್ಷ ಶಿಕ್ಷೆಯಾಯಿತು. ಊರಿನ ಗಾರೆ ಕೆಲಸದವರು, ತಲೆತಲಾಂತರದಿಂದ ಆ ಗೋರಿಗಳಿಗೆ ಮಣ್ಣು ಮೆತ್ತಿದ ಮನೆತನಗಳವರು, ಅಷ್ಟರಲ್ಲಿ ಅವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದರು.

ದಲೀಲ್ ಏನು ಅನ್ನುವ ಪ್ರಶ್ನೆ ನನ್ನ ಗೆಳೆಯನ ನೋಟ್‌ಬುಕ್ಕಿನಲ್ಲಿ ಇದ್ದಾಗ ಚೆಂದ. ಅದರ ಕೈಗೆ ಹಾರೆ ಬಂದಾಗ ಉತ್ತರ ಹೇಳಲು ಯಾರಿಗೂ ಅವಕಾಶವಿಲ್ಲ. ಆ ಗೋರಿಯ ಪುರಾವೆ ಅದಕ್ಕೆ ಪ್ರತಿ ವರ್ಷ ಮಣ್ಣು ಮೆತ್ತುವ ಕೈ. ಅದು ಯಾವ ಕಾಲಂನಲ್ಲೂ ಕೂರುವುದಿಲ್ಲ.

ಇಬ್ನ್ ತೈಮಿಯ್ಯಾ ಬಗ್ಗೆ ಓದಿದಾಗ ನನಗೆ ಇದು ಇನ್ನೂ ಸ್ಪಷ್ಟವಾಯಿತು. ಸಲಫಿಗಳು ಅತಿ ಹೆಚ್ಚು ಉಲ್ಲೇಖಿಸುವ ಹಿರಿಯ ಇವರು. 1263ರಲ್ಲಿ ಹುಟ್ಟಿದವರು. ಗೋರಿಗಳಿಗೆಂದೇ ಯಾತ್ರೆ ಹೋಗುವುದನ್ನು ವಿರೋಧಿಸಿದ್ದಕ್ಕೆ ಡಮಾಸ್ಕಸ್ ಕೋಟೆಯಲ್ಲಿ ಸೆರೆಯಾದರು. ಕೊನೆಗೆ ಕಾಗದ ಲೇಖನಿಯನ್ನೂ ಕಿತ್ತುಕೊಂಡರು. 1328ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಊರಿಗೆ ಊರೇ ಅಂತಿಮಯಾತ್ರೆಗೆ ಬಂತು. ಅವರ ಶಿಷ್ಯ, ಚರಿತ್ರೆಕಾರ ಇಬ್ನ್ ಕಸೀರ್ ಬರೆದಿಟ್ಟಿದ್ದಾರೆ. ಅವರ ಮೈ ತೊಳೆದ ನೀರನ್ನು ಕೆಲವರು ಕುಡಿದರಂತೆ. ಹೇನಿನ ಕಾಟಕ್ಕೆ ಕತ್ತಿನಲ್ಲಿ ಕಟ್ಟಿಕೊಂಡಿದ್ದ ದಾರವನ್ನು ಒಬ್ಬರು 150 ದಿರ್ಹಮ್ ಕೊಟ್ಟು ಕೊಂಡರಂತೆ. ಅವರನ್ನು ಮಣ್ಣು ಮಾಡಿದ್ದು ಸೂಫಿಗಳ ಸ್ಮಶಾನದಲ್ಲಿ. ಇದನ್ನು ಓದಿ ನನಗೆ ಗಂಟಲು ಕಟ್ಟಿತು. ಅವರ ವಾದವನ್ನು ಜನ ಮರೆತಿದ್ದರು ಅಂತಲ್ಲ. ತಾವು ಪ್ರೀತಿಸಿದ ಮನುಷ್ಯ ಹೊರಟುಹೋದಾಗ ಜನ ಮಾಡುವುದೇ ಹಾಗೆ, ಏನಾದರೂ ಒಂದನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.

ಈಗ ಸೌದಿಯಲ್ಲೇ ಗಾಳಿ ತಿರುಗಿದೆ. 2016ರಲ್ಲಿ ಧಾರ್ಮಿಕ ಪೊಲೀಸರಿಂದ ಬಂಧಿಸುವ ಅಧಿಕಾರ ಕಿತ್ತುಕೊಂಡರು. 2018ರಲ್ಲಿ ಸಿನಿಮಾ ಬಂತು, ಹೆಂಗಸರು ಕಾರು ಓಡಿಸಿದರು. ಆ ಹೆಂಗಸರ ಸಂತೋಷ ನಿಜವಾದದ್ದು. ಅದಕ್ಕಾಗಿ ಹೋರಾಡಿದ ಕೆಲವು ಹೆಂಗಸರು ಅದೇ ವರ್ಷ ಜೈಲಿಗೆ ಹೋದದ್ದೂ ನಿಜ. ಸಲ್ಮಾನ್ ಅಲ್ ಔದಾ ಅನ್ನುವ ಜನಪ್ರಿಯ ಧರ್ಮಗುರು, ಅಮೆರಿಕದ ಸೇನೆಯನ್ನು ಕರೆಸಿಕೊಂಡದ್ದನ್ನು ಟೀಕಿಸಿ 1994ರಿಂದ 1999ರವರೆಗೆ ಸೆರೆಯಲ್ಲಿದ್ದವರು, 2017ರಲ್ಲಿ ಮತ್ತೆ ಸೆರೆಯಾದರು. ಕತಾರ್ ಜೊತೆಗಿನ ಮುನಿಸು ತಣ್ಣಗಾಗಲಿ, ದೇವರು ಮನಸ್ಸುಗಳನ್ನು ಕೂಡಿಸಲಿ ಅಂತ ಒಂದು ಟ್ವೀಟ್ ಹಾಕಿದ್ದರು.

2022ರಲ್ಲಿ ಸೌದಿ ಸರ್ಕಾರ ಹೊಸದೊಂದು ರಜೆ ಸಾರಿತು. ಸ್ಥಾಪನಾ ದಿನ, ಫೆಬ್ರವರಿ 22. ಅದರ ಪ್ರಕಾರ ರಾಜ್ಯ ಹುಟ್ಟಿದ್ದು 1727ರಲ್ಲಿ. ಅಲ್ಲಿಯವರೆಗೆ ಪುಸ್ತಕಗಳು ಹೇಳುತ್ತಿದ್ದದ್ದು 1744, ಅಂದರೆ ಇಬ್ನ್ ಅಬ್ದುಲ್ ವಹಾಬ್ ಜೊತೆಗಿನ ಒಪ್ಪಂದ. 17 ವರ್ಷ ಹಿಂದೆ ಸರಿದ ಕೂಡಲೇ ಶುರುವಿನ ಕಥೆಯಲ್ಲಿ ಅವರು ಇಲ್ಲವೇ ಇಲ್ಲ. ನಡುವಿನವರನ್ನು ಬಿಟ್ಟು ಇನ್ನೂ ಹಳೆಯ ಮೂಲಕ್ಕೆ ಹೋಗಿ ಅಂತ ಕಲಿಸಿದವರೇ ಈಗ ಬಿಟ್ಟುಹೋದ ನಡುವಿನವರಾದರು. ನನಗೆ ಇದರಿಂದ ಖುಷಿಯಾಗಲಿಲ್ಲ. ಮೂರು ಶತಮಾನ ಅವರ ಪುಸ್ತಕ ಓದಿ, ಅವರ ಮಾತಿನಂತೆ ನಮಾಜ್ ಮಾಡಿ, ಮಕ್ಕಳನ್ನು ಬೆಳೆಸಿದ ಮನೆಗಳಿವೆ. ಒಂದು ರಾಜಾಜ್ಞೆಯಿಂದ ಆ ಮನೆಗಳ ನೆನಪನ್ನು ಅಳಿಸುವುದು ಕೂಡ ಹಾರೆ ಹಾಕುವುದೇ.

ಡಮಾಸ್ಕಸ್ಸೂ ಬದಲಾಗಿದೆ. 2024ರ ಡಿಸೆಂಬರ್‌ನಲ್ಲಿ ಅಸದ್ ಓಡಿಹೋದ ಮೇಲೆ ಅಲ್ಲಿ ಆಳುತ್ತಿರುವವರು ಅಹ್ಮದ್ ಅಲ್ ಶರಾ. ಒಂದು ಕಾಲಕ್ಕೆ ಅಲ್ ಕಾಯಿದಾದ ಸಿರಿಯಾ ಶಾಖೆಯ ಮುಖ್ಯಸ್ಥ, ಈಗ ಕೋಟು ಟೈ ತೊಟ್ಟ ಅಧ್ಯಕ್ಷ. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ನೋಡಬೇಕು.

ಆ ಸುದ್ದಿ ಬಂದ ದಿನಗಳಲ್ಲೇ ನಾನು ಜಾಹಿರಿಯ್ಯಾ ಲೈಬ್ರರಿಯ ಫೋಟೋಗಳನ್ನು ಹುಡುಕಿ ನೋಡಿದೆ. ಅಲ್ಬಾನಿ ಹಾಳೆ ಹುಡುಕಿದ ಜಾಗ. ಎತ್ತರದ ಗುಮ್ಮಟ, ಗೋಡೆಯ ಮೇಲೆ ಬಣ್ಣದ ಗಾಜಿನ ಚೂರುಗಳಲ್ಲಿ ಮಾಡಿದ ಮರ, ಅರಮನೆ. ಗುಮ್ಮಟದ ಕೆಳಗೆ ಗೋರಿ. ಸುಲ್ತಾನ್ ಬೈಬರ್ಸ್‌ನದು, 1277ರಲ್ಲಿ ಸತ್ತವನು. ಆ ಲೈಬ್ರರಿ ಬೆಳೆದದ್ದೇ ಅವನ ಗೋರಿಯನ್ನು ಸುತ್ತಿಕೊಂಡು. ಗೋರಿ ಕಟ್ಟಬಾರದು ಅಂತ ಜೀವಮಾನ ಇಡೀ ವಾದಿಸಿದ ಮನುಷ್ಯ, ಮೂಲದ ಮಾತು ಹುಡುಕಿಕೊಂಡು ದಿನಾ ಬರುತ್ತಿದ್ದದ್ದು ಗೋರಿಯೊಂದರ ಮಗ್ಗುಲಿಗೆ. ಅವರು ತಿರುವಿದ ಹಸ್ತಪ್ರತಿಗಳನ್ನು ನಕಲು ಮಾಡಿದ್ದು, ಹುಳು ಹಿಡಿಯದಂತೆ ಕಾಪಾಡಿದ್ದು, ಒಂದು ಮದರಸಾದಿಂದ ಇನ್ನೊಂದಕ್ಕೆ ಸಾಗಿಸಿದ್ದು ಎಲ್ಲ ಆ ನಡುವಿನ ಸಾವಿರ ವರ್ಷದ ಜನ. ಅವರಲ್ಲಿ ಸೂಫಿಗಳಿದ್ದರು, ಹನ್ಬಲಿ ಪಂಥದವರಿದ್ದರು, ಗೋರಿಗೆ ಹೋಗಿ ಕೈ ಎತ್ತಿ ಬೇಡಿದವರಿದ್ದರು. ಮೊದಲ ಮೂರು ತಲೆಮಾರಿನ ಒಂದೇ ಒಂದು ಮಾತೂ ಅವರ ಕೈ ದಾಟದೆ ನಮ್ಮವರೆಗೆ ಬಂದಿಲ್ಲ.

ಫೋಟೋವನ್ನು ಗೆಳೆಯನಿಗೆ ಕಳಿಸಿದೆ. ಕಳೆದುಹೋದ ಹಾಳೆಯ ಕಥೆ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು, ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದಾನೆ. ಗೋರಿಯ ವಿಷಯ ಗೊತ್ತಿರಲಿಲ್ಲ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ರಾತ್ರಿ ಫೋನ್ ಮಾಡಿದ. ಅಪ್ಪನ ಆರೋಗ್ಯದ ಬಗ್ಗೆ ಮಾತಾಡಿದ, ಈಗೀಗ ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದಾನಂತೆ. ಕೊನೆಗೆ ಆ ವಿಷಯಕ್ಕೆ ಬಂದ. ಗೋರಿ ಇರುವ ಕಟ್ಟಡದಲ್ಲಿ ಕೂತು ಓದಬಹುದಾ ಅಂತ ಯಾರಾದರೂ ಹಿಂದಿನವರು ಹೇಳಿದ್ದಾರಾ ನೋಡ್ತಾ ಇದ್ದೀನಿ, ಸಿಕ್ಕಿದರೆ ಹೇಳ್ತೀನಿ ಅಂದ. ಫೋನಿನ ಆ ಕಡೆಯಿಂದ ಹಾಳೆ ತಿರುವುವ ಸದ್ದು ಕೇಳಿಸುತ್ತಿತ್ತು.